ಕಿಯಾರಾ ಎಂದರೆ ಕತ್ತಲೆ ಅಂತೆ, ನಿಜವಾ?

'ಕಿಯಾರಾ ಎಂದರೆ ಕತ್ತಲೆ. ಮಗಳಿಗೆ ಈ ಹೆಸರಿಟ್ಟರೆ ಅವಳ ಬಾಳೂ ಕತ್ತಲೆ.' ಇಂಥ ಫಾರ್ವರ್ಡ್ ಓದಿ ಹೆಸರು ಬದಲಿಸಲು ಹೊರಟವರು ಸ್ವಲ್ಪ ತಾಳಿ.

ಸತ್ಯಾಂಶ: ಇದು ಅರ್ಧ ಮಾತ್ರ ಸರಿ. ಒಂದೇ ಥರ ಕೇಳಿಸುವ ಎರಡು ಹೆಸರುಗಳು ಇಲ್ಲಿ ಬೆರೆತಿವೆ. ಐರಿಷ್‌ನ 'ಕೀರಾ' ಬಂದದ್ದು ಕಪ್ಪು ಎಂಬ ಅರ್ಥದ ಹಳೆಯ ಪದದಿಂದ. ಅದೂ ಕಪ್ಪು ಕೂದಲು, ಮೈಬಣ್ಣದ ಮಾತು, ಹಣೆಬರಹದ್ದಲ್ಲ. ಇದರ ಗಂಡು ರೂಪ ಕೀರನ್. 6ನೇ ಶತಮಾನದ ಐರ್ಲೆಂಡಿನಲ್ಲಿ ಆ ಹೆಸರಿನ ಸಂತರೇ ಇದ್ದರು!

ಇಟಲಿಯ 'ಕ್ಯಾರಾ' ಬೇರೆಯೇ. ಅದು ಲ್ಯಾಟಿನ್‌ನ 'ಕ್ಲಾರಾ'ದಿಂದ ಬಂದದ್ದು. ಅರ್ಥ ಬೆಳಕುಳ್ಳ, ತಿಳಿಯಾದ. 1253ರಲ್ಲಿ ತೀರಿಕೊಂಡ ಅಸಿಸಿಯ ಸಂತ ಕ್ಲಾರಾರನ್ನು ಇಟಲಿಯವರು ಕರೆಯುವುದು ಕ್ಯಾರಾ ಎಂದೇ. ಅಂದರೆ ಕಿಯಾರಾ ಕಪ್ಪೂ ಹೌದು, ಬೆಳಕೂ ಹೌದು. ಫಾರ್ವರ್ಡ್ ಮಾಡಿದವರು ಹೆದರಿಸಲು ಬೇಕಾದಷ್ಟನ್ನೇ ಆರಿಸಿಕೊಂಡರು, ಅಷ್ಟೆ.

ಒಂದೇ ಥರದ ಹೆಸರಿಗೆ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಅರ್ಥ ಇರುವುದೇನು ಅಪರೂಪವಲ್ಲ. ಮೀರಾ ಎಂದರೆ ನಮಗೆ ಕೃಷ್ಣಭಕ್ತೆ, ಅಲ್ವಾ? ರಷ್ಯನ್‌ನಂಥ ಸ್ಲಾವಿಕ್ ಭಾಷೆಗಳಲ್ಲಿ 'ಮಿರ್' ಎಂದರೆ ಶಾಂತಿ, ಅಲ್ಲಿನ ಮೀರಾ ಅದರಿಂದ ಬಂದವಳು. ಲ್ಯಾಟಿನ್‌ನಲ್ಲಿ 'ಮೀರಾ' ಎಂದರೆ ಅಚ್ಚರಿಯವಳು. ಬೆಳಕು ಏರಿಳಿಯುವ ಒಂದು ನಕ್ಷತ್ರಕ್ಕೆ 1662ರಲ್ಲಿ ಖಗೋಳಜ್ಞ ಹೆವೇಲಿಯಸ್ ಈ ಹೆಸರನ್ನೇ ಕೊಟ್ಟ.