ಹೆದರಬೇಕಾದದ್ದು ಕ್ಯಾಮೆಲ್ ಸ್ಪೈಡರ್‌ಗಲ್ಲ, ಕೆಂಪು ಚೇಳಿಗೆ

ಪುಣೆಯ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಂದು ಫೋಟೊ ಬಂತು. ಪಾರ್ಕಿಂಗ್‌ನಲ್ಲಿ ಯಾರೋ ಚಪ್ಪಲಿಯಿಂದ ಜಜ್ಜಿ ಹಾಕಿದ್ದ ಪ್ರಾಣಿ. ಮಣ್ಣಿನ ಬಣ್ಣ, ಮೈತುಂಬ ಕೂದಲು, ಉದ್ದುದ್ದ ಕಾಲು. ಕೆಳಗೆ ಹೀಗೆ ಬರೆದಿದ್ದರು: ಮರುಭೂಮಿಯ ವಿಷದ ಜೇಡ ಪುಣೆಗೆ ಬಂದಿದೆ, ಕಚ್ಚಿದರೆ ಗೊತ್ತೇ ಆಗುವುದಿಲ್ಲ, ಮಲಗಿದ್ದಾಗ ಮಾಂಸ ತಿನ್ನುತ್ತದೆ, ಮಕ್ಕಳನ್ನು ಕೆಳಗೆ ಆಡಲು ಬಿಡಬೇಡಿ. ಸಂಜೆಯೊಳಗೆ ಇಡೀ ಕಾಂಪೌಂಡಿಗೆ ಔಷಧಿ ಹೊಡೆಸಬೇಕು ಅಂತ ತೀರ್ಮಾನವೂ ಆಗಿಹೋಯಿತು.

ನನಗೆ ತುಂಬ ಬೇಜಾರಾಯಿತು. ಗ್ರೂಪಿನಲ್ಲಿ ಬರೆದರೆ ಗುಡ್ ಮಾರ್ನಿಂಗ್ ಮೆಸೇಜುಗಳ ಕೆಳಗೆ ಮುಚ್ಚಿಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಆ ಪ್ರಾಣಿಯನ್ನು, ಅಂದರೆ ಕ್ಯಾಮೆಲ್ ಸ್ಪೈಡರನ್ನು, ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಪುಣೆಗೆ ಬರುವ ಮುಂಚೆ ಕೆಲವು ವರ್ಷ ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡಿದೆ. ಫಲೋದಿ ಹತ್ತಿರದ ಮರಳುಗಾಡು ಅದು. 2016ರ ಮೇ 19ರಂದು ಇದೇ ಫಲೋದಿಯಲ್ಲಿ 51 ಡಿಗ್ರಿ ಬಿಸಿಲು ದಾಖಲಾಗಿತ್ತು. ಅಂಥ ಜಾಗದಲ್ಲಿ ಹಗಲು ಹೊರಗೆ ಹುಳವೂ ಕಾಣುವುದಿಲ್ಲ. ಎಲ್ಲ ಜೀವವೂ ರಾತ್ರಿಯೇ ಹೊರಗೆ ಬರುವುದು. ಪ್ಯಾನೆಲ್ ತೊಳೆಯುವ ಕೆಲಸವೂ ಜಾಸ್ತಿ ರಾತ್ರಿಯೇ ಇರುತ್ತಿತ್ತು.

ಮೊದಲ ಸಲ ಅದು ಎದುರಾದದ್ದು ಬೆಳಿಗ್ಗೆ. ಆಗಷ್ಟೇ ಸೂರ್ಯ ಮೇಲೆ ಬಂದಿದ್ದ. ಎರಡು ಬ್ಲಾಕ್‌ಗಳ ನಡುವಿನ ಮಣ್ಣಿನ ದಾರಿಯಲ್ಲಿ ನಾನು ಒಬ್ಬನೇ ನಡೆದು ಬರುತ್ತಿದ್ದೆ. ಎದುರಿನಿಂದ ಏನೋ ಓಡಿ ಬಂತು. ಇಲಿಮರಿ ಇರಬೇಕು ಅನ್ನುವಷ್ಟರಲ್ಲಿ ಹತ್ತಿರ ಬಂದೇಬಿಟ್ಟಿತು. ಅಂಗೈಯಷ್ಟು ಅಗಲ. ಮುಂದಿನ ಎರಡು ಕೈಗಳನ್ನು ಮೇಲೆತ್ತಿ ಗಾಳಿಯಲ್ಲಿ ಆಡಿಸುತ್ತ ನೇರ ನನ್ನ ಕಡೆಗೇ ಬರುತ್ತಿತ್ತು. ಪಕ್ಕಕ್ಕೆ ಸರಿದೆ, ಅದೂ ಪಕ್ಕಕ್ಕೆ ತಿರುಗಿತು. ಹಿಂದಕ್ಕೆ ಹೋದೆ, ಅದೂ ಹಿಂದೆಯೇ ಬಂತು. ಗಂಟಲು ಒಣಗಿತು, ಕೂಗಲು ಬಾಯಿ ಬರಲಿಲ್ಲ. ಓಡಿದೆ. ಅದೂ ಓಡಿಸಿಕೊಂಡು ಬಂತು ಅಂತಲೇ ನನಗೆ ಅನ್ನಿಸಿತ್ತು.

ಪಂಪ್ ಹತ್ತಿರ ಕೂತಿದ್ದ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಅಲ್ಲಿಯ ಹಳ್ಳಿಯವರೇ. "ಸಾಬ್, ಓಡಬೇಡಿ. ನಿಂತುಬಿಡಿ," ಅಂದರು. ನಿಂತೆ. ಕಾಲು ನಡುಗುತ್ತಿತ್ತು. ಅದು ಬಂದು ನನ್ನ ನೆರಳಿನೊಳಗೆ ಸೇರಿಕೊಂಡು ಅಲ್ಲೇ ನಿಂತಿತು, ಅಷ್ಟೇ. ಅದಕ್ಕೆ ಬೇಕಿದ್ದದ್ದು ನೆರಳು. ರಾತ್ರಿ ಬೇಟೆ ಮುಗಿಸಿ ಬಿಲಕ್ಕೆ ಹೋಗುವುದು ತಡವಾಗಿ, ಬಿಸಿಲು ಏರುತ್ತಿದ್ದಾಗ ಆ ಬಯಲು ದಾರಿಯಲ್ಲಿ ಅದಕ್ಕೆ ಸಿಕ್ಕಿದ ಒಂದೇ ನೆರಳು ನನ್ನದು. ಮನುಷ್ಯ ಓಡಿದರೆ ನೆರಳೂ ಓಡುತ್ತದೆ, ಅದೂ ಹಿಂದೆಯೇ ಬರುತ್ತದೆ. ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ ಅನ್ನುವ ಎಲ್ಲ ಕಥೆಗಳ ಮೂಲ ಇದು. ಅದು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ ಅಂತ ಫಾರ್ವರ್ಡ್‌ಗಳಲ್ಲಿ ಬರುತ್ತದೆ. ನಿಜವಾದ ವೇಗ ಹೆಚ್ಚೆಂದರೆ 16 ಕಿಲೋಮೀಟರ್ ಆಸುಪಾಸು. ಆ ಗಾತ್ರದ ಜೀವಕ್ಕೆ ಅದೂ ಬಹಳವೇ.

ಕಾರಣ ತಿಳಿದ ಮಾತ್ರಕ್ಕೆ ಭಯ ಹೋಗುವುದಿಲ್ಲ. ಅದನ್ನೂ ಹೇಳಲೇಬೇಕು. ಆಮೇಲೊಂದು ರಾತ್ರಿ ಪೋರ್ಟಾ ಕ್ಯಾಬಿನ್ನಿನಲ್ಲಿ ಮಲಗಿದ್ದೆ. ತಲೆ ಹತ್ತಿರ ಸರಸರ ಸದ್ದು. ಮೊಬೈಲ್ ಟಾರ್ಚ್ ಹಾಕಿದರೆ ಕಿಟಕಿಯ ಗಾಜಿನ ಒಳಗಡೆ ಅದು ಮೇಲಕ್ಕೆ ಏರುತ್ತಿತ್ತು. ಗಾಜಿನ ಮೇಲೆ! ಮುಂದಿನ ಆ ಎರಡು ಕೈಗಳ ತುದಿಯಲ್ಲಿ ಅಂಟಿಕೊಳ್ಳುವ ಅಂಗ ಇರುತ್ತದೆ. ಅದರಿಂದಲೇ ನುಣುಪಾದ ಗಾಜನ್ನೂ ಹತ್ತುತ್ತದೆ, ಹಾರುವ ಹುಳವನ್ನೂ ಹಿಡಿಯುತ್ತದೆ. ಒಂದೊಂದೇ ಕೈ ಗಾಜಿಗೆ ಒತ್ತಿ, ಮೈ ಎಳೆದು, ಮತ್ತೆ ಒತ್ತಿ ಏರುವುದನ್ನು ನೋಡುತ್ತ ಕೂತೆ. ಬೆಳಗಾಗುವ ತನಕ ನಿದ್ದೆ ಬರಲಿಲ್ಲ.

ಫ್ಲಡ್‌ಲೈಟ್ ಕೆಳಗೆ ಅದು ತಿನ್ನುವುದನ್ನು ನೋಡಿದವರು ಮರೆಯಲಾರರು. ಬೆಳಕಿಗೆ ಬಂದು ಬಿದ್ದ ದೊಡ್ಡ ಜೀರುಂಡೆಯನ್ನು ಹಿಡಿದಿತ್ತು. ನಾನು ಮೊಣಕಾಲೂರಿ ಹತ್ತಿರದಿಂದ ನೋಡಿದೆ. ಅದರ ಮುಖವೆಂದರೆ ಬರೀ ದವಡೆಯೇ. ಎರಡು ಅಡಕತ್ತರಿ ಅಕ್ಕಪಕ್ಕ ಜೋಡಿಸಿಟ್ಟ ಹಾಗೆ. ಎಡಗಡೆಯದು ಹಿಡಿದುಕೊಂಡರೆ ಬಲಗಡೆಯದು ಕತ್ತರಿಸುತ್ತದೆ. ಆಮೇಲೆ ಬಲಗಡೆಯದು ಹಿಡಿಯುತ್ತದೆ, ಎಡಗಡೆಯದು ಕತ್ತರಿಸುತ್ತದೆ. ಜೀರುಂಡೆಯ ಗಟ್ಟಿ ರೆಕ್ಕೆ ಕಟಕಟ ಮುರಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಆದ್ದರಿಂದ ಇದನ್ನು ಕಂಡು ಕಿರುಚಿದವರನ್ನು ನಾನು ಯಾವತ್ತೂ ನಗುವುದಿಲ್ಲ.

ಆದರೆ ಹೆದರುವುದು ಬೇರೆ, ಸುಳ್ಳು ಹಬ್ಬಿಸುವುದು ಬೇರೆ.

ಕ್ಯಾಮೆಲ್ ಸ್ಪೈಡರ್ ಅಂತ ಕರೆದರೂ ಅದು ಜೇಡವಲ್ಲ. ಚೇಳು, ಜೇಡಗಳ ದೊಡ್ಡ ಬಳಗದಲ್ಲೇ ಬೇರೆಯಾದ ಒಂದು ಗುಂಪು. ಪ್ರಪಂಚದಲ್ಲಿ ಸಾವಿರಕ್ಕೂ ಹೆಚ್ಚು ಬಗೆಗಳಿವೆ. ಬಲೆ ನೇಯುವುದಿಲ್ಲ. ಹತ್ತು ಕಾಲು ಇದ್ದಂತೆ ಕಾಣುತ್ತದೆ, ಇರುವುದು ಎಂಟೇ. ಮುಂದಿನ ಎರಡು ಮುಟ್ಟಿ ನೋಡುವ ಕೈಗಳು. ಬಹಳ ದೊಡ್ಡದೆಂದರೆ ಕಾಲೂ ಸೇರಿ 12ರಿಂದ 15 ಸೆಂಟಿಮೀಟರ್. ವಿಷ ಚುಚ್ಚುವ ಹಲ್ಲಿಲ್ಲ, ಕೊಂಡಿಯಿಲ್ಲ. 1978ರಲ್ಲಿ ನಮ್ಮ ದೇಶದಲ್ಲೇ ಒಂದು ಸಂಶೋಧನೆ, ಇವುಗಳ ಒಂದು ಬಗೆಯಲ್ಲಿ ವಿಷದ ಗ್ರಂಥಿ ಸಿಕ್ಕಿದೆ ಎಂದು ಹೇಳಿತ್ತು. ಇಷ್ಟು ವರ್ಷವಾದರೂ ಅದು ಮತ್ತೆ ದೃಢಪಟ್ಟಿಲ್ಲ. ಕೈಗೆ ಹಿಡಿಯಲು ಹೋದರೆ ಜೋರಾಗಿ ಕಚ್ಚುತ್ತದೆ, ರಕ್ತ ಬರಬಹುದು, ಗಾಯ ಕೀವಾಗಬಹುದು. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಬೇಕಾದರೆ ಡಾಕ್ಟರಿಗೆ ತೋರಿಸಬೇಕು. ಅದರಿಂದ ಆಗುವ ಅಪಾಯ ಇಷ್ಟೇ. ಮಲಗಿದವರ ಮೈ ಮರಗಟ್ಟಿಸಿ ಮಾಂಸ ತಿನ್ನುತ್ತದೆ, ಒಂಟೆಯ ಹೊಟ್ಟೆ ಕೊರೆಯುತ್ತದೆ ಅನ್ನುವುದೆಲ್ಲ ಕಟ್ಟುಕಥೆ.

ಫಾರ್ವರ್ಡ್‌ಗಳಲ್ಲಿ ಒಬ್ಬ ಸೈನಿಕನ ಕೈಯಲ್ಲಿ ಮೊಣಕಾಲುದ್ದ ತೂಗುವ ಪ್ರಾಣಿಯ ಫೋಟೊ ಬರುತ್ತಲ್ಲ, ನೀವೂ ನೋಡಿರುತ್ತೀರಿ. 2003ರಲ್ಲಿ ಇರಾಕ್ ಯುದ್ಧ ಶುರುವಾದ ಮೇಲೆ ಓಡಾಡಿದ ಚಿತ್ರ ಅದು. ಅದರಲ್ಲಿರುವುದು ಒಂದಲ್ಲ, ಎರಡು. ಒಂದನ್ನೊಂದು ಕಚ್ಚಿಕೊಂಡಿವೆ. ಹಿಡಿದವರು ಕ್ಯಾಮೆರಾಗೆ ತೀರ ಹತ್ತಿರ ತಂದದ್ದರಿಂದ ಅಷ್ಟು ದೊಡ್ಡದಾಗಿ ಕಾಣುತ್ತದೆ. ಇಪ್ಪತ್ತು ವರ್ಷ ದಾಟಿದರೂ ಅದೇ ಫೋಟೊ ನಮ್ಮ ಗ್ರೂಪಿನಲ್ಲಿ "ಪುಣೆ, ನಿನ್ನೆ ರಾತ್ರಿ" ಅಂತ ಬರುತ್ತದೆ.

ಇನ್ನು ಅದು ಪುಣೆಗೆ "ಬಂದಿದೆ" ಅನ್ನುವುದೂ ಸರಿಯಲ್ಲ. ದಖ್ಖನ್ನಿನ ಒಣನೆಲದಲ್ಲಿ ಇವು ಮೊದಲಿನಿಂದಲೂ ಇವೆ. ಕುರುಚಲು ಗಿಡ, ಹುಲ್ಲು, ಕಲ್ಲು ಇರುವ ನೆಲವೇ ಅವುಗಳ ಮನೆ. ನಮ್ಮ ಸೊಸೈಟಿ ಎದ್ದು ನಿಂತಿರುವುದೂ ಟೇಕಡಿಯ, ಅಂದರೆ ಗುಡ್ಡದ, ಬುಡದ ಅಂಥದೇ ನೆಲದ ಮೇಲೆ. ಗೆದ್ದಲು, ಜಿರಳೆ, ಜೀರುಂಡೆ ತಿಂದು ಬದುಕುವ ಜೀವ ಅದು. ಚೇಳನ್ನೂ ಹಿಡಿದು ತಿನ್ನುತ್ತದೆ.

ಈ ಚೇಳಿನ ವಿಷಯ ಹೇಳಬೇಕು ಅಂತಲೇ ಇಷ್ಟೆಲ್ಲ ಬರೆದದ್ದು.

ನಮ್ಮ ಕಾಂಪೌಂಡ್ ಗೋಡೆಯ ಆಚೆ ಇನ್ನೊಂದು ಬಿಲ್ಡಿಂಗ್ ಏಳುತ್ತಿದೆ. ಅಲ್ಲಿ ಲೇಬರ್ ಕ್ಯಾಂಪ್ ಇದೆ. ತಗಡಿನ ಶೆಡ್ಡುಗಳು. ಬಿಜಾಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ನಮ್ಮ ಜನವೇ ಜಾಸ್ತಿ. ಎಲ್ಲರೂ ನೆಲದ ಮೇಲೇ ಮಲಗುತ್ತಾರೆ. ಹೋದ ಮಳೆಗಾಲದ ಹೊತ್ತಿಗೆ ಒಂದು ಸಂಜೆ ಅಲ್ಲಿಂದ ಗಲಾಟೆ ಕೇಳಿ ಹೋದೆ. ಇಂಡಿ ತಾಲೂಕಿನ ಕಡೆಯ ಹೆಣ್ಣುಮಗಳೊಬ್ಬಳು ಇಟ್ಟಿಗೆ ಎತ್ತುವಾಗ ಬೆರಳಿಗೆ ಚೇಳು ಕಡಿದಿತ್ತು. ಮಣಿಕಟ್ಟಿಗೆ ಬಿಗಿಯಾಗಿ ಹಗ್ಗ ಕಟ್ಟಿದ್ದರು.

"ಅಣ್ಣಾರ, ಮೊದಲ ಭಾಳ ಉರೀತಿತ್ರಿ. ಈಗ ಉರಿ ಕಮ್ಮಿ ಆಗೇದ. ಆದ್ರ ಕೈಕಾಲು ತಣ್ಣಗ ಆಗ್ಲಿಕ್ಕತ್ತಾವ್ರಿ," ಅಂದಳು. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಆಗಲೇ ಒಮ್ಮೆ ವಾಂತಿಯೂ ಆಗಿತ್ತು.

ಅವಳ ಗಂಡ, "ಮಂತ್ರಾ ಹಾಕೋರು ಒಬ್ರು ಅದಾರ್ರಿ, ಅವರ ಕಡೆ ಒಯ್ತೀವಿ," ಅಂದ.

"ಬ್ಯಾಡಪ್ಪಾ ತಮ್ಮಾ, ಮೊದಲ ದವಾಖಾನಿಗೆ ನಡಿ. ತಂಗಿ, ಏಳವ್ವಾ," ಅಂತ ರಿಕ್ಷಾ ತರಿಸಿದೆ.

ಮೊದಲು ಹೋದ ಆಸ್ಪತ್ರೆಯಲ್ಲಿ ನೋವಿನ ಇಂಜೆಕ್ಷನ್ ಕೊಟ್ಟು, ಮನೆಗೆ ಹೋಗಿ ಮಲಗಿ ಅಂದರು. ಬಿಪಿ ಕೂಡ ನೋಡಲಿಲ್ಲ. ನನಗೆ ಮನಸ್ಸು ಒಪ್ಪಲಿಲ್ಲ, ಇನ್ನೊಂದು ಕಡೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರ್ ಅವಳ ಪಾದ ಮುಟ್ಟಿ ನೋಡಿದ ತಕ್ಷಣ ಒಳಗೆ ಸೇರಿಸಿಕೊಂಡರು. ಪ್ರಾಜೋಸಿನ್ ಮಾತ್ರೆ ಕೊಟ್ಟು ರಾತ್ರಿಯೆಲ್ಲ ಬಿಪಿ ನೋಡುತ್ತಿದ್ದರು. ಬೆಳಗಿನ ಹೊತ್ತಿಗೆ ಪಾದ ಬೆಚ್ಚಗಾಗಿತ್ತು. ಅವಳು ಬದುಕಿದಳು.

ಆ ದಿನ ನಮ್ಮ ಸೊಸೈಟಿಯ ಗ್ರೂಪಿನಲ್ಲಿ ಒಂದೇ ಒಂದು ಮೆಸೇಜ್ ಇರಲಿಲ್ಲ. ಗೋಡೆಯ ಈಚೆ ವಿಷವೇ ಇಲ್ಲದ ಪ್ರಾಣಿಗೆ ಇಷ್ಟು ಗದ್ದಲ, ಗೋಡೆಯ ಆಚೆ ಜೀವ ಹೋಗುವಂಥ ವಿಷಯಕ್ಕೆ ಮೌನ. ನನಗೆ ಸಂಕಟ ಆಗುವುದು ಇಲ್ಲಿ.

ಕೆಂಪು ಚೇಳು ಮಹಾರಾಷ್ಟ್ರದಲ್ಲೂ ಇದೆ, ನಮ್ಮ ಉತ್ತರ ಕರ್ನಾಟಕದಲ್ಲೂ ಇದೆ. ದೊಡ್ಡ ಕಪ್ಪು ಚೇಳು ನೋಡಿದರೆ ಎದೆ ಝಲ್ ಅನ್ನುತ್ತದೆ, ಆದರೆ ಸಾಮಾನ್ಯವಾಗಿ ದಪ್ಪ ಕೊಂಬಿನ (ಮುಂದಿನ ಇಕ್ಕಳದಂಥ ಕೈಗಳು), ಸಣ್ಣ ಬಾಲದ ಚೇಳಿನ ವಿಷ ಅಷ್ಟು ಜೋರಲ್ಲ. ಕೊಂಬು ಸಣ್ಣ, ಬಾಲ ದಪ್ಪ ಇದ್ದರೆ ಹುಷಾರು. ಕೆಂಪು ಚೇಳು ಆ ಜಾತಿಯದು. ಅದರ ವಿಷ ದೇಹದಲ್ಲಿ ಅಡ್ರಿನಲಿನ್ ಥರದ ರಾಸಾಯನಿಕಗಳನ್ನು ಒಮ್ಮೆಲೇ ಉಕ್ಕಿಸುತ್ತದೆ. ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಹೃದಯ ಸೋಲುತ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಬರೀ ಉರಿ, ನೋವು ಮಾತ್ರ ಇದ್ದರೆ ಸಾಮಾನ್ಯವಾಗಿ ಜೀವಕ್ಕೆ ಅಪಾಯ ಕಡಿಮೆ. ಬೆವರು, ವಾಂತಿ, ತಣ್ಣಗಾದ ಕೈಕಾಲು, ಇವು ಕಂಡರೆ ಒಂದು ನಿಮಿಷವೂ ತಡ ಮಾಡಬಾರದು. ಮಕ್ಕಳಿಗಂತೂ ಬಹಳ ಬೇಗ ಕೈಮೀರುತ್ತದೆ.

ಇದಕ್ಕೆ ಮದ್ದು ಕಂಡುಕೊಂಡವರು ನಮ್ಮ ಪಕ್ಕದಲ್ಲೇ ಇದ್ದಾರೆ ಅನ್ನುವುದು ಎಷ್ಟು ಜನರಿಗೆ ಗೊತ್ತು? ಪುಣೆಯಿಂದ ವರಂಧ ಘಾಟ್ ಇಳಿದರೆ ಮಹಾಡ. ಅಲ್ಲಿಯ ಡಾ. ಹಿಮ್ಮತರಾವ್ ಬಾವಸ್ಕರ್ 70ರ ದಶಕದಲ್ಲಿ ಬಿರವಾಡಿಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಬಂದರು. ಚೇಳು ಕಡಿದು ಬಂದ ರೋಗಿಗಳು ಕಣ್ಣೆದುರೇ ಸಾಯುತ್ತಿದ್ದರು. ಅವರು ರೋಗಿಯ ಹಾಸಿಗೆ ಪಕ್ಕದಲ್ಲೇ ಕೂತು, ಗಂಟೆ ಗಂಟೆಗೂ ಏನಾಗುತ್ತದೆ ಅಂತ ಬರೆದಿಡುತ್ತ ಹೋದರು. ಬಿಪಿಗೆ ಕೊಡುವ ಪ್ರಾಜೋಸಿನ್ ಮಾತ್ರೆಯನ್ನು ಚೇಳಿನ ವಿಷಕ್ಕೆ ಬಳಸಿದರು. ಅವರು ಮತ್ತು ಅವರ ಪತ್ನಿ ಡಾ. ಪ್ರಮೋದಿನಿ ಇದನ್ನು 1986ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆ್ಯಂಟಿವೆನಮ್ (ವಿಷ ಇಳಿಸುವ ಇಂಜೆಕ್ಷನ್) ಜೊತೆಗೆ ಪ್ರಾಜೋಸಿನ್ ಕೊಟ್ಟರೆ ರೋಗಿ ಇನ್ನೂ ಬೇಗ ಚೇತರಿಸಿಕೊಳ್ಳುತ್ತಾನೆ ಎಂದು ಆಮೇಲೆ 2011ರಲ್ಲಿ ಅವರದೇ ಇನ್ನೊಂದು ಅಧ್ಯಯನ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಚೇಳಿನ ಆ್ಯಂಟಿವೆನಮ್ ತಯಾರಾಗುವುದೂ ಇಲ್ಲೇ, ಮುಂಬೈಯ ಹಾಫ್ಕಿನ್ ಸಂಸ್ಥೆಯಲ್ಲಿ. 2022ರಲ್ಲಿ ಬಾವಸ್ಕರ್ ಅವರಿಗೆ ಪದ್ಮಶ್ರೀ ಸಿಕ್ಕಿತು. ಒಂದು ತಾಲೂಕಿನ ಊರಲ್ಲಿ ಕೂತು ಪ್ರಪಂಚಕ್ಕೇ ಪಾಠ ಹೇಳಿದವರು. ಫಾರ್ವರ್ಡ್ ಮಾಡುವುದಿದ್ದರೆ ಇಂಥವರ ಕಥೆ ಮಾಡಿ.

ಸೊಸೈಟಿಯ ಕಮಿಟಿಗೆ ನಾನು ಬರೆದುಕೊಟ್ಟಿದ್ದೇನೆ. ಔಷಧಿ ಹೊಡೆಸುವ ದುಡ್ಡನ್ನು ಬೇರೆ ಕೆಲಸಕ್ಕೆ ಬಳಸೋಣ ಅಂತ. ಕಾಂಪೌಂಡ್ ಪಕ್ಕದ ಒಡೆದ ಇಟ್ಟಿಗೆ, ಹಳೆ ಹಲಗೆಗಳ ರಾಶಿ ತೆಗೆಸಬೇಕು, ಚೇಳು ಕೂರುವುದು ಅದರ ಕೆಳಗೇ. ಕ್ಯಾಂಪಿನ ಮನೆಗಳಿಗೆ ಮಂಚ ಕೊಡಿಸುವಂತೆ ಕಂಟ್ರಾಕ್ಟರ್ ಹತ್ತಿರ ಮಾತಾಡಬೇಕು. ಇಟ್ಟಿಗೆ ಎತ್ತುವವರಿಗೆ ದಪ್ಪ ಗ್ಲೌಸ್ ಬೇಕು. ವಾಚ್‌ಮನ್‌ಗೆ ಒಂದು ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಕೊಡಬೇಕು. ಆ ಬೆಳಕು ಬಿದ್ದರೆ ಚೇಳು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಕ್ಯಾಮೆಲ್ ಸ್ಪೈಡರ್ ಮತ್ತೆ ಕಂಡರೆ ಅದರ ಮೇಲೆ ಡಬ್ಬಿ ಕವುಚಿ, ಕೆಳಗೆ ರಟ್ಟು ತೂರಿಸಿ, ಟೇಕಡಿಯ ಕಡೆ ಬಿಟ್ಟು ಬನ್ನಿ. ಕೈಯಲ್ಲಿ ಮುಟ್ಟಬೇಡಿ. ಹತ್ತಿರ ಹೋಗಲು ಧೈರ್ಯವಾಗದಿದ್ದರೆ ನನಗೆ ಫೋನ್ ಮಾಡಿ, ಎಷ್ಟು ಹೊತ್ತಿಗಾದರೂ ಬರುತ್ತೇನೆ.

ಪುಣೆ, ಪಿಂಪ್ರಿ-ಚಿಂಚ್ವಡ ಕಡೆ ಇರುವ ಕನ್ನಡದ ಡಾಕ್ಟರು, ನರ್ಸುಗಳು ಈ ಪೋಸ್ಟ್ ಓದುತ್ತಿದ್ದರೆ ಒಂದು ಉಪಕಾರ ಮಾಡಿ. ಯಾವ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಪ್ರಾಜೋಸಿನ್ ಮತ್ತು ಚೇಳಿನ ಆ್ಯಂಟಿವೆನಮ್ ಸಿಗುತ್ತದೆ ಅಂತ ಕಮೆಂಟಿನಲ್ಲಿ ಬರೆಯಿರಿ. ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಮಳೆ ಹಿಡಿಯುವ ಮುಂಚೆ ನಮ್ಮ ಸುತ್ತಲಿನ ಕ್ಯಾಂಪುಗಳಲ್ಲಿ ನಾನೇ ಅಂಟಿಸಿ ಬರುತ್ತೇನೆ.