ಸತ್ಯಾಂಶ: ಮನೆ ತೆರಿಗೆ ಕಟ್ಟಿದರೆ ಒಳಚರಂಡಿ ಜೋಡಣೆ ಪುಕ್ಕಟೆಯೇ?

ಮಳೆಗಾಲ ಮುಗಿದು ರಸ್ತೆ ಅಗೆಯಲು ಶುರುವಾದರೆ ಸಾಕು, ಕಾರವಾರದ ಕಡೆಯ ವಾಟ್ಸಾಪ್ ಗುಂಪುಗಳಿಗೆ ಆ ಹಳೇ ಮೆಸೇಜು ಮತ್ತೆ ಬರುತ್ತದೆ. ಮನೆ ತೆರಿಗೆ ಕಟ್ಟಿದವರು ಒಳಚರಂಡಿ ಜೋಡಣೆಗೆ ಬೇರೆ ದುಡ್ಡು ಕೊಡಬೇಕಿಲ್ಲ, ಕೇಳಿದರೆ ಅದು ಲಂಚ ಅಂತ.

ಅದು ಸರಿಯಲ್ಲ. ತೆರಿಗೆ ಪ್ರತಿ ವರ್ಷದ್ದು. ಜೋಡಣೆ ಶುಲ್ಕ ಮನೆಯ ಪೈಪನ್ನು ಬೀದಿಯ ಪೈಪಿಗೆ ಸೇರಿಸುವಾಗ ಒಮ್ಮೆ ಕಟ್ಟುವಂಥದ್ದು. ರಸ್ತೆ ಅಗೆದರೆ ಅದನ್ನು ಸರಿಮಾಡುವ ಖರ್ಚು ಬೇರೆ. ಮನೆಗೊಂದು, ಹೋಟೆಲಿಗೊಂದು ದರ ಇರುವುದೂ ಸಾಮಾನ್ಯ.

ಇನ್ನು ಜೋಡಣೆಯಾದ ಮೇಲೆ ಕೊಳಚೆ ನೀರು ಸಾಗಿಸುವುದಕ್ಕೆ ಕಟ್ಟುವ ತಿಂಗಳ ಶುಲ್ಕ. ಕೊಳಚೆ ನೀರು ಇಳಿಜಾರಿನಲ್ಲಿ ತಾನಾಗೇ ಹರಿಯಬೇಕು. ಕಡಲ ದಂಡೆಯ ಸಪಾಟು ಜಾಗದಲ್ಲಿ ಇಳಿಜಾರು ಎಲ್ಲಿಂದ ಬರಬೇಕು? ಬಾವಿಯಂಥ ಗುಂಡಿಯಲ್ಲಿ ಕೂಡಿಸಿ ಪಂಪಿನಿಂದ ಎತ್ತಬೇಕು. ಕರೆಂಟು ಬಿಲ್ಲು ಏರಿದರೆ ಈ ಖರ್ಚೂ ಏರುತ್ತದೆ. (ತಾರಸಿಯ ಮಳೆನೀರನ್ನೂ ಇದೇ ಪೈಪಿಗೆ ಬಿಡುವವರಿದ್ದಾರೆ. ಜೂನ್‌ನಲ್ಲಿ ಮ್ಯಾನ್‌ಹೋಲ್ ಉಕ್ಕುವುದು ಸುಮ್ನೆ ಅಲ್ಲ!)

ಹಾಗಂತ ಮೆಸೇಜು ಕಳಿಸಿದವರ ಅನುಮಾನ ಪೂರ್ತಿ ತಪ್ಪೂ ಅಲ್ಲ. ರಸೀದಿ ಕೊಡದೆ ದುಡ್ಡು ಕೇಳಿದರೆ ಯಾರಿಗಾದರೂ ಸಂಶಯ ಬರುತ್ತದೆ, ಅಲ್ವಾ? ಕೆಲವೊಮ್ಮೆ ಒಳಚರಂಡಿ ಯೋಜನೆಯ ಹಣದಲ್ಲೇ ಜೋಡಣೆ ಮಾಡಿಕೊಡುವುದೂ ಉಂಟು. ಆದರೆ ಅದಕ್ಕೆ ಲಿಖಿತ ಆದೇಶ ಇರುತ್ತದೆ.

ಮೆಸೇಜಿನಲ್ಲಿ ಊರು, ತಾರೀಖು, ಆದೇಶದ ಸಂಖ್ಯೆ ಇದೆಯಾ ನೋಡಿ. ನಗರಸಭೆಯಲ್ಲಿ ದರ ನಿಗದಿಯಾದ ಠರಾವಿನ ಪ್ರತಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಶಿರಸಿಯ ನೆಂಟರು ಕಟ್ಟಿದ ಮೊತ್ತವನ್ನು ಇಲ್ಲಿ ಹೋಲಿಸಬೇಡಿ, ಊರೂರಿಗೆ ದರ ಬೇರೆ.