ಸೇಕ್ವಾನ್ ಬಾರ್ಕ್ಲಿಗೆ ಕೊಟ್ಟ ದುಡ್ಡು ಜಾಸ್ತಿಯಾಯ್ತಂತೆ!

ಸೇಕ್ವಾನ್ ಬಾರ್ಕ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ರನ್ನಿಂಗ್ ಬ್ಯಾಕ್, ಅಂದ್ರೆ ಚೆಂಡು ಹಿಡ್ಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡೋ ಆಟಗಾರ. "ರನ್ನಿಂಗ್ ಬ್ಯಾಕ್‌ಗೆಲ್ಲ ಅಷ್ಟು ದುಡ್ಡು ಯಾಕೆ, ಯಾರನ್ನ ನಿಲ್ಲಿಸಿದ್ರೂ ಓಡ್ತಾರೆ" ಅನ್ನೋ ಮಾತು ಇವತ್ತು ಮತ್ತೆ ಕಣ್ಣಿಗೆ ಬಿತ್ತು. ಮೈಯೆಲ್ಲ ಉರಿದುಹೋಯ್ತು.

ಬಾರ್ಕ್ಲಿ 2018ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸೋದು) ಎರಡನೇ ಆಯ್ಕೆಯಾಗಿ ನ್ಯೂಯಾರ್ಕ್ ಜೈಂಟ್ಸ್‌ಗೆ ಬಂದಾಗ ವಯಸ್ಸು 21. ಮೊದಲ ವರ್ಷವೇ 1,307 ಗಜ ಓಟ, 91 ಕ್ಯಾಚ್. ಆದ್ರೆ ರೂಕಿ (ಹೊಸಬರ) ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನ ಆಟಗಾರನಾದ್ರೆ ಐದನೇ ವರ್ಷವೂ ತಂಡದ ಕೈಲೇ. ಅದು ಮುಗಿದ ಮೇಲೆ ಫ್ರಾಂಚೈಸ್ ಟ್ಯಾಗ್ ಹಾಕಿ ಬೇರೆ ತಂಡಕ್ಕೆ ಹೋಗದ ಹಾಗೆ ಇನ್ನೊಂದು ವರ್ಷ ಕಟ್ಟಿಹಾಕಬಹುದು. ಹಾಗೇ ಮಾಡಿದ್ರು. ಅವನು ಹೊರಬರೋ ಹೊತ್ತಿಗೆ 27. ಚೆಂಡು ಎಸೆದು ಆಟ ನಡೆಸೋ ಕ್ವಾರ್ಟರ್‌ಬ್ಯಾಕ್‌ಗೆ ಆಗಿನ್ನೂ ಆಟ ಕುದುರೋ ವಯಸ್ಸು. ರನ್ನಿಂಗ್ ಬ್ಯಾಕ್‌ಗೆ ಒಳ್ಳೇ ವರ್ಷಗಳೆಲ್ಲ ಮುಗೀತಾ ಬಂದಿರುತ್ತೆ. 2020ರಲ್ಲಿ ಶಿಕಾಗೋದಲ್ಲಿ ಅವನ ಬಲ ಮಂಡಿಯ ಎಸಿಎಲ್ (ಮೂಳೆಗಳನ್ನ ಕಟ್ಟಿಡೋ ಲಿಗಮೆಂಟ್) ಹರಿದು ಇಡೀ ಸೀಸನ್ನೇ ಹೋಗಿತ್ತು. ಮೈ ಗಟ್ಟಿಯಿದ್ದಾಗ ಕಮ್ಮಿಗೆ ದುಡಿಸ್ಕೊಂಡು, ದುಡ್ಡು ಕೇಳಿದಾಗ "ಸವೆದುಹೋಗಿದ್ದಾನೆ" ಅನ್ನೋದು ಯಾವ ನ್ಯಾಯ?

2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಮೂರು ವರ್ಷಕ್ಕೆ 3.775 ಕೋಟಿ ಡಾಲರ್ ಕೊಟ್ಟಿತು. ಆ ಸೀಸನ್ನಲ್ಲಿ 345 ಓಟ, 2,005 ಗಜ. ಒಂದೇ ಸೀಸನ್ನಲ್ಲಿ ಅತಿ ಹೆಚ್ಚು ಗಜ ಓಡಿದ ಎರಿಕ್ ಡಿಕರ್ಸನ್‌ನ 1984ರ ದಾಖಲೆ ಮುರಿಯೋಕೆ ಬೇಕಿದ್ದಿದ್ದು ಇನ್ನು 101 ಗಜ. ಕೊನೇ ಪಂದ್ಯ ಜೈಂಟ್ಸ್ ಮೇಲೇ, ಆದ್ರೂ ಪ್ಲೇಆಫ್‌ಗಾಗಿ ಕೂರಿಸಿದ್ರು, ಕೂತ. ತನ್ನ 28ನೇ ಹುಟ್ಟುಹಬ್ಬದ ದಿನವೇ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ.

"ಅದು ಈಗಲ್ಸ್ ಲೈನ್‌ನವರ ಪ್ರತಾಪ" ಅಂತಾರೆ. ಲೈನ್ ಅಂದ್ರೆ ಮುಂದೆ ನಿಂತು ಎದುರಾಳಿಗಳನ್ನ ತಡೆದು ದಾರಿ ಮಾಡಿಕೊಡೋರು. ಲೇನ್ ಜಾನ್ಸನ್, ಜೋರ್ಡನ್ ಮೈಲಾಟಾ ಇರೋ ಲೈನ್ ಚೆನ್ನಾಗಿದೆ, ನಿಜ. ಹಾಗಾದ್ರೆ 2022ರಲ್ಲಿ ಜೈಂಟ್ಸ್‌ನ ದುರ್ಬಲ ಲೈನ್ ಹಿಂದೆ 1,312 ಗಜ ಹೇಗೆ ಬಂತು? ಲೈನ್ ಕೊಡೋದು ಅರೆಕ್ಷಣದ ಸಂದಿ. ಎದುರಾಳಿಯ ಲೈನ್‌ಬ್ಯಾಕರ್ (ಲೈನ್ ಹಿಂದೆ ಕಾಯೋ ರಕ್ಷಕ) ಒಂದು ಕಡೆ ವಾಲೋವರೆಗೂ ರನ್ನಿಂಗ್ ಬ್ಯಾಕ್ ತನ್ನ ತಂಡದ ಬ್ಲಾಕರ್ (ದಾರಿ ಬಿಡಿಸೋನು) ಬೆನ್ನಿಗೇ ಅಂಟಿಕೊಂಡು ಹೋಗಿ, ಅವನು ವಾಲಿದ ತಕ್ಷಣ ಒಂದೇ ಹೆಜ್ಜೆಯಲ್ಲಿ ದಿಕ್ಕು ಬದಲಿಸಬೇಕು. ಬೇಗ ತಿರುಗಿದ್ರೆ ಅವನ ತೋಳಿಗೇ ಬೀಳ್ತಾನೆ, ತಡ ಮಾಡಿದ್ರೆ ಸಂದಿ ಮುಚ್ಚಿರುತ್ತೆ. ಪಾಸ್ ಆಟದಲ್ಲಿ ಬ್ಲಿಟ್ಸ್ ಮಾಡಿ, ಅಂದ್ರೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿ ಬಂದವನಿಗೆ ಎದೆ ಕೊಟ್ಟು ಕ್ವಾರ್ಟರ್‌ಬ್ಯಾಕ್‌ನ ಕಾಯೋದೂ ಇವನೇ. ಆ ಡಿಕ್ಕಿ ಯಾವ ಅಂಕಿಅಂಶದಲ್ಲೂ ಕಾಣಲ್ಲ. ಇನ್ನು ಜಾಕ್ಸನ್‌ವಿಲ್ ತಂಡದ ವಿರುದ್ಧ ಒಬ್ಬನನ್ನ ತಪ್ಪಿಸಿ, ಗಿರ್ರನೆ ಸುತ್ತಿ, ಬೆನ್ನು ಮಾಡಿಕೊಂಡೇ ಮತ್ತೊಬ್ಬನ ತಲೆ ಮೇಲಿಂದ ಹಾರಿದ್ದನ್ನ ಯಾವ ಲೈನ್ ಕಲಿಸುತ್ತೆ?

2025ರಲ್ಲಿ ವರ್ಷಕ್ಕೆ 2 ಕೋಟಿ ಡಾಲರ್ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಆದ. ಸಂತೋಷ. ಆದ್ರೆ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಲೆವಿಯಾನ್ ಬೆಲ್ ಇದೇ ಟ್ಯಾಗ್ ಒಪ್ಪದೆ 2018ರ ಇಡೀ ಸೀಸನ್ ಮನೇಲಿ ಕೂತ, ಆಮೇಲೆ ಆ ಆಟ ಅವನಿಗೆ ಮರಳಿ ಬರಲೇ ಇಲ್ಲ. ರನ್ನಿಂಗ್ ಬ್ಯಾಕ್‌ಗಳಿಗಾದ್ರೂ ಟ್ಯಾಗ್ ತೆಗೀಬೇಕು, ರೂಕಿ ಒಪ್ಪಂದ ಮೂರು ವರ್ಷಕ್ಕೆ ಇಳಿಸಬೇಕು. ಲೀಗ್ ಮತ್ತು ಆಟಗಾರರ ಸಂಘದ ಈಗಿನ ಒಪ್ಪಂದ 2030ರ ಸೀಸನ್‌ವರೆಗೂ ಇದೆ. ಅಲ್ಲೀವರೆಗೆ ಬರೋ ಪ್ರತಿ ಹುಡುಗನಿಗೂ ಇದೇ ನಿಯಮ.